ಖಾಲಿ ಹಾಳೆಯ ಕೊನೆಯ ಸಾಲು

ಆ ಊರಿನಲ್ಲಿ ದಿನಾ ಬೆಳಿಗ್ಗೆ ಮನೆಮನೆಯ ಹೊಸಿಲಿಗೂ ಆಯಾ ಮನೆಯವರ ದೇವರ ಪತ್ರ ಬಂದು ಬೀಳುತ್ತಿತ್ತು. ಹೆಂಡತಿ ತೀರಿಕೊಂಡಾಗಿನಿಂದ ಪದ್ಮನಾಭಯ್ಯನವರಿಗೆ ಬರುತ್ತಿದ್ದುದು ಬರೀ ಖಾಲಿ ಹಾಳೆ. ಆದರೂ ಅವರು ಜಗಲಿಯಲ್ಲಿ ನಿಂತು, ಇಲ್ಲದ ಅಕ್ಷರಗಳನ್ನು ಬೀದಿಗೆಲ್ಲ ಕೇಳುವಂತೆ ಓದುತ್ತಿದ್ದರು. "ಮಿಕ್ಕವರ ದೇವರೆಲ್ಲ ಸುಳ್ಳು" ಎಂಬುದು ಪ್ರತಿದಿನದ ಕೊನೆಯ ಸಾಲು.

ಇವತ್ತು ನೆಗಡಿಗೆ ದನಿ ಒಡೆದು, ಹಾಳೆ ಬಿಡಿಸದೆ ಜಗಲಿಯಲ್ಲಿ ಕೂತಿದ್ದರು. ಕೊರಳಲ್ಲಿ ಶಿಲುಬೆಯ ಸರ ಹಾಕಿದ್ದ ಎದುರುಮನೆಯ ಲೂರ್ದಮ್ಮ ಜಗಲಿಯ ಹತ್ತಿರ ಬಂದರು.

"ಯಾಕ್ ಅಯ್ನೋರೇ, ಇವತ್ತು ಓದ್ಲೇ ಇಲ್ಲ?"

"ನಿಮ್ಮ ಪತ್ರ ನೀವು ಓದ್ಕೋಬಾರ್ದೇನಮ್ಮ?"

"ನಂಗೆ ಖಾಲಿ ಹಾಳೆ ಬರೋಕೆ ಶುರುವಾಗಿ ಹತ್ತು ವರ್ಷ ಆಯ್ತು. ನಿಮ್ಮ ದೇವ್ರಾದ್ರೂ ಮಾತಾಡ್ತಾನಲ್ಲ, ಅದನ್ನೇ ಕೇಳ್ಕೊಂಡು ದಿನ ದೂಡ್ತಿದೀನಿ."

ಪದ್ಮನಾಭಯ್ಯ ಹಾಳೆ ಬಿಡಿಸಿ, ಒಡೆದ ದನಿಯಲ್ಲೇ ನಿಧಾನವಾಗಿ ಓದಿದರು. ಕೊನೆಯ ಸಾಲು ಬಂದಾಗ ಮಾತ್ರ, "ಇವತ್ತಿಗೆ ಇಷ್ಟೇ ಬರೆದಿದ್ದಾನಮ್ಮ" ಎಂದು ಮಡಚಿಟ್ಟರು.