ಒಂದೇ ದಿಂಬು

ಬಸುರಿಯ ದಿಂಬಿಗೆ ತಲೆಯಿಟ್ಟು ಮಲಗಿದವರಿಗೂ ಅವಳ ಕನಸೇ ಬೀಳುತ್ತಿದ್ದ ಕಾಲವದು. ಹಾಗಾಗಿ ಹೆರಿಗೆ ಆಸ್ಪತ್ರೆಗಳಲ್ಲಿ ತೂಕ, ರಕ್ತ ನೋಡಿದ ಮೇಲೆ ಕನಸನ್ನೂ ನೋಡಿಸುತ್ತಿದ್ದರು.

"ಕೂಸು ಬೆಳೀವಲ್ದು. ಈಕಿಗೆ ನಿದ್ದಿ ಇಲ್ಲ, ಏನೋ ಹೆದರಿಕಿ ಐತಿ. ನೀವ ಜೋಡಿ ಮಲಗ್ರಿ," ಎಂದಳು ನರ್ಸ್, ಆರು ತಿಂಗಳ ಬಸುರಿ ಶಿವಲೀಲಾಳ ಅತ್ತೆ ಬಸಲಿಂಗವ್ವನಿಗೆ.

ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದರು. ಇಬ್ಬರೂ ಒಂದೇ ದಿಂಬಿಗೆ ತಲೆಯಿಟ್ಟು ಮಲಗಿದರು.

ಹಿತ್ತಿಲ ತುಂಬ ಹಾಲಿನಂಥ ಮಂಜು. ಶಿವಲೀಲಾ ಅದರೊಳಗೆ ತಡಕಾಡುತ್ತಿದ್ದಾಳೆ. ಮೊದಲ ಹೆರಿಗೆಯಲ್ಲಿ ಸತ್ತೇ ಹುಟ್ಟಿದ್ದ ಮಗಳು ಎಲ್ಲೋ ಅಳುತ್ತಿದ್ದಾಳೆ. ಕೂಗಿ ಕರೆಯೋಣವೆಂದರೆ ಆ ಕೂಸಿಗೆ ಹೆಸರೇ ಇಲ್ಲ.

ಅದರ ಸುದ್ದಿ ಮನೆಯಲ್ಲಿ ಯಾರೂ ಎತ್ತಕೂಡದೆಂದು ತಾಕೀತು ಮಾಡಿದ್ದವಳು ಬಸಲಿಂಗವ್ವನೇ. ಸೊಸೆ ಬೇಗ ಮರೆಯಲಿ ಎಂಬುದು ಅವಳ ಆಸೆಯಾಗಿತ್ತು.

ಎಚ್ಚರವಾದಾಗ ಅತ್ತೆಯ ಕಣ್ಣುಗಳು ಒದ್ದೆಯಾಗಿದ್ದವು.

"ಏನಂತ ಹೆಸರಿಡಬೇಕಂತ ಮಾಡಿದ್ದಿ ಆಕಿಗೆ?"

ಶಿವಲೀಲಾ ಎದ್ದು ಕೂತಳು. "ಇಂಚರಾ ಅಂತ, ಅತ್ತಿ."

"ಛಲೋ ಹೆಸರು. ನಾ ಆಕಿ ಮಾರಿ ಸುದ್ದಾ ನೋಡ್ಲಿಲ್ಲ. ಹೆಂಗಿದ್ಲು, ಹೇಳು."

ಹೇಳುತ್ತ ಹೇಳುತ್ತ ಶಿವಲೀಲಾ ಅತ್ತಳು. ಅತ್ತೆ ಅವಳ ತಲೆ ಸವರುತ್ತ ಕೂತಳು. ಆಮೇಲೆ ದಿನವೂ ಆ ಮಾತು ಮನೆಯಲ್ಲಿ ಬರತೊಡಗಿತು. ಶಿವಲೀಲಾಗೆ ಮೆಲ್ಲಗೆ ನಿದ್ದೆ ಹತ್ತಿತು, ಊಟ ಸೇರಿತು, ಕನಸಿನ ಮಂಜೂ ತೆಳುವಾಯಿತು.

ದಿನ ತುಂಬಿ ಗಂಡುಮಗು ಹುಟ್ಟಿತು. ಮೈತುಂಬಿಕೊಂಡಿದ್ದ ಕೂಸಿನ ಅಳು ವಾರ್ಡಿನಾಚೆಗೂ ಕೇಳಿಸಿತು. ಬಸಲಿಂಗವ್ವ ಓಣಿಯ ಮನೆಮನೆಗೂ ಸಕ್ಕರೆ ಕೊಟ್ಟು ಬಂದಳು.

"ನಮ್ಮ ಇಂಚರಾಗ ತಮ್ಮ ಹುಟ್ಯಾನ," ಎಂದು ಪ್ರತಿ ಬಾಗಿಲಲ್ಲೂ ಹೇಳಿದಳು.