ಲಂಡನ್ ಮೆಚ್ಚಿದ ಕೈ

ಕೆಳಗೆ ಬಾಗಿಲು ಬಡಿದ ಸದ್ದಾಯಿತು. ಸಂಕೇತ ಬಡಿಯುವ ಮೋರ್ಸ್ ಕೀಲಿಯ ಮೇಲಿದ್ದ ವೀಬೆಯ ಬೆರಳು ನಿಂತುಬಿಟ್ಟಿತು. ಸಂದೇಶ ಇನ್ನೂ ಅರ್ಧ ಬಾಕಿ. ಅಟ್ಟದ ಕಿಂಡಿಯಿಂದ ಇಣುಕಿದ. ಇಬ್ಬರು ಜರ್ಮನ್ ಸೈನಿಕರು.

ಜರ್ಮನರು ವಶಪಡಿಸಿಕೊಂಡಿದ್ದ ಹಾಲೆಂಡಿನ ಡೆವೆಂಟರ್ ಊರಿನ ಈ ಮನೆಗೆ ಅವನು ಬಾಡಿಗೆಗೆ ಬಂದು ಆರು ತಿಂಗಳಾಗಿತ್ತು. ಗಡಿಯಾರ ರಿಪೇರಿಯವನೆಂದು ಹೇಳಿಕೊಂಡಿದ್ದ. ಪ್ರತಿ ಗುರುವಾರ ಬೆಳಿಗ್ಗೆ ಅಟ್ಟದಲ್ಲಿ ಕೂತು ರೇಡಿಯೋ ಯಂತ್ರದಿಂದ ಲಂಡನ್ನಿಗೆ ಗುಪ್ತ ಸಂದೇಶ ಕಳಿಸುತ್ತಿದ್ದ. ಅಲ್ಲಿಯವರದು ಪ್ರತಿ ಸಲವೂ ಹೊಗಳಿಕೆಯೇ: "ಕಳೆದ ವಾರದ ಬಡಿತ ಮುತ್ತು ಪೋಣಿಸಿದಂತಿತ್ತು. ಕೇಳಿದೊಡನೆ ಗುರುತು ಸಿಗುತ್ತದೆ, ಇಂಥ ಕೈ ಇನ್ನೊಂದಿಲ್ಲ." ವೀಬೆ ಉಬ್ಬಿಹೋಗುತ್ತಿದ್ದ.

ಅವನಿಗಿದ್ದ ಭಯ ಒಂದೇ, ಮನೆಯೊಡತಿ ಆಲ್ಟ್ಯೆ. ಅರವತ್ತೆಂಟರ ಆ ವಿಧವೆ ಅವನ ಕೆಲಸ ಮುಗಿಯುವುದೇ ತಡ, "ಹೋಗೋ, ಬೀಟ್‌ಗೆಡ್ಡೆಗೆ ಕ್ಯೂ ನಿಲ್ಲು!" ಎಂದು ಹೊರಗಟ್ಟುತ್ತಿದ್ದಳು. ಸಂಕೇತದ ಚೀಟಿ ಸುಡಲೂ ಪುರುಸೊತ್ತು ಕೊಡುತ್ತಿರಲಿಲ್ಲ. ತಾನಿಲ್ಲದಾಗ ಕೋಣೆ ಜಾಲಾಡುತ್ತಾಳೆಂಬ ಗುಮಾನಿ ಅವನಿಗೆ. ಇವತ್ತು ಹಿಡಿದುಕೊಟ್ಟೇಬಿಟ್ಟಳು!

"ಬೂಟು ಒರೆಸಿಕೊಳ್ರೋ! ನಿಮ್ಮಮ್ಮ ಇಷ್ಟೂ ಕಲಿಸಿಲ್ವಾ?"

ಗದರಿಕೆಯ ಹಿಂದೆಯೇ ಅವಳು ಅಟ್ಟಕ್ಕೆ ನುಗ್ಗಿದಳು. ಬುಟ್ಟಿಯಲ್ಲಿದ್ದ ಒದ್ದೆ ಬಟ್ಟೆಯನ್ನೆಲ್ಲ ಯಂತ್ರದ ಮೇಲೆ ಸುರಿದಳು. ಮೊದಲು ಬಂದ ಸೈನಿಕನ ಕೈಗೆ ತನ್ನ ದೊಡ್ಡ ಒಳಲಂಗದ ತುದಿ ತುರುಕಿದಳು.

"ಸುಮ್ನೆ ನಿಂತಿದ್ದೀಯಲ್ಲ, ಹಿಂಡು!"

ಕಿವಿಯವರೆಗೂ ಕೆಂಪಾಗಿ ಅವನು ಹಿಂಡಿದ. ಹರವಿದ. ಹರವಿದ್ದು ವೀಬೆಯ ಏರಿಯಲ್ ತಂತಿಯ ಮೇಲೆ! ಎರಡನೆಯವನತ್ತ ಅವಳು ಒಳಚಡ್ಡಿಯೊಂದನ್ನು ಚಾಚಿದ್ದೇ, ಇಬ್ಬರೂ ದಡದಡನೆ ಮೆಟ್ಟಿಲಿಳಿದು ಓಡಿದರು.

ವೀಬೆ ನೆಲಕ್ಕೆ ಕುಸಿದು ಹೊಟ್ಟೆ ಹಿಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು.

"ಅಮ್ಮಾ, ನಿಮಗೆ ಮೊದಲೇ ಗೊತ್ತಿತ್ತಾ?"

"ತಲೆ ಮೇಲೆ ಟಕಟಕ ಅಂತ ಬಡಿದ್ರೆ ಗೊತ್ತಾಗಲ್ವೇನೋ? ನಲವತ್ತು ವರ್ಷ ತಂತಿ ಕಚೇರೀಲಿದ್ದೆ."

"ನಾಳೆ ಜರ್ಮನರ ಮದ್ದುಗುಂಡಿನ ರೈಲು ಹೊರಡತ್ತಮ್ಮ. ಈ ಸಂದೇಶ ಹೋಗಲೇಬೇಕು." ಒದ್ದೆ ಬಟ್ಟೆ ಸರಿಸಿ ಅವನು ಮತ್ತೆ ಕೀಲಿಯ ಮುಂದೆ ಕೂತ.

"ಏಳು, ಏಳು."

ಅವನನ್ನು ಪಕ್ಕಕ್ಕೆ ತಳ್ಳಿ ಆಲ್ಟ್ಯೆ ಕೂತಳು. ಚೀಟಿಯನ್ನು ಮೊದಲಿಂದ ಹಿಡಿದು ಬಡಿದಳು. ಒಂದು ಕಡೆಯೂ ತಡವರಿಸಲಿಲ್ಲ.

ಉತ್ತರ ತಕ್ಷಣ ಬಂತು. ವೀಬೆ ಅದನ್ನು ಬಿಡಿಸಿ ಗಟ್ಟಿಯಾಗಿ ಓದತೊಡಗಿದ. ಓದುತ್ತ ಓದುತ್ತ ಅವನ ದನಿ ಸಣ್ಣಗಾಯಿತು:

"ರೈಲಿನ ವಿಷಯ ತಲುಪಿತು. ಆರು ತಿಂಗಳಿಂದ ನಾವು ಮೆಚ್ಚಿರುವ ಕೈ ಇದೇ. ಪ್ರತಿ ಗುರುವಾರ ಇದಕ್ಕೂ ಮುಂಚೆ ಕೂತು ಅರ್ಥವಾಗದ್ದೇನೋ ಬಡಿಯುವ ಆ ಕಲಿಯುವವರನ್ನು ದಯವಿಟ್ಟು ಯಂತ್ರದ ಹತ್ತಿರ ಬಿಡಬೇಡಿ."