ಓಡಿಹೋದವರ ಪಟ್ಟಿ

ಮುಚ್ಚಿಹೋದ ಆದಿವಾಸಿ ಆಸ್ಪತ್ರೆಯ ಚರಿತ್ರೆ ಬರೆಯಲು ಬಂದಿದ್ದ ಹಾಡಿಯ ಹುಡುಗಿ, ಅಲ್ಲಿ ಆಯಾ ಆಗಿದ್ದ ಮುದುಕಿಯ ಮುಂದೆ ಹಳೆಯ ರಿಜಿಸ್ಟರ್ ಬಿಡಿಸಿದಳು.

"ಇಪ್ಪತ್ತು ವರ್ಷದಲ್ಲಿ ಸತ್ತವರು ನಾಲ್ಕೇ ಜನ. 'ಹೇಳದೆ ಓಡಿಹೋದರು' ಅಂತ ಮುನ್ನೂರು ಜನ ಇದ್ದಾರಲ್ಲ?"

"ಸಾವು ಜಾಸ್ತಿ ಆದ್ರೆ ಮೇಲಿನೋರು ಕೇಳ್ತಾರೆ ಅಂತ ಗುಮಾಸ್ತ ಹಂಗೆ ಬರಿಯೋನು ಕಣವ್ವ. ಕಾಡಿನೋರು ಓಡೋದ್ರು ಅಂದ್ರೆ ಯಾರೂ ಕೇಳ್ತಿರ್ಲಿಲ್ಲ."

ಹುಡುಗಿಯ ಬೆರಳು ಒಂದು ಹೆಸರಿನ ಮೇಲೆ ನಿಂತಿತು.

"ಕೇತಿ. ನಮ್ಮಜ್ಜಿ. ಓಡಿಹೋದವಳು ಅಂತ ಹಾಡಿಯಲ್ಲಿ ಸತ್ತವರಿಗೆ ನೆಡೋ ಕಲ್ಲನ್ನೂ ಅವಳಿಗೆ ನೆಡಲಿಲ್ಲ. ತಾತ ಸಾಯೋವರೆಗೂ ಅವಳ ಹೆಸರೆತ್ತಲಿಲ್ಲ."

ಮುದುಕಿ ರಿಜಿಸ್ಟರ್ ಮುಚ್ಚಿದಳು.

"ಸೋರೆಬುರುಡೇಲಿ ಜೇನು ತಂದಿದ್ದ ನಿಮ್ಮ ತಾತ, ಹೆಂಡ್ರಿಗೆ ಅಂತ. ಓಡೋದ್ಲು ಅಂದ ಗುಮಾಸ್ತ. ನಾನು ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ."

"ತಾತ ಏನಂದ?"

"ಆಸ್ಪತ್ರೆ ಹಿಂದಿನ ನೆಲ್ಲಿಮರದ ತಾವ ಹೋದ. ಬೆಳಿಗ್ಗೆ ತಾನೆ ನಾವು ಅವಳ್ನ ಹೂತು ಗುಂಡಿ ಮುಚ್ಚಿದ್ವಿ, ಮಣ್ಣಿನ್ನೂ ಮೆತ್ತಗಿತ್ತು. ಅದ್ರ ಮೇಲೇ ಮಲಿಕಂಡು, ಹೊತ್ತು ಮುಳುಗೋಗಂಟ ಓಡೋದ್ಲು ಅಂತ ಅವಳ್ನ ಬೈದ."